ಬಲಗಡೆಯ ಅಜ್ಜಿಯರು

ಫೆಬ್ರವರಿ ಮೂರರ ಮಂಗಳವಾರ ಬೆಳಿಗ್ಗೆ ಐದೂಕಾಲಿಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು. ಕಾರಣ ಹೃದಯಾಘಾತ. ಅರವತ್ತೊಂದು ವರ್ಷವಾಗಿತ್ತು. ರಿಯಾದಿನ ಪತ್ರಿಕಾ ಸಂಸ್ಥೆಯೊಂದರ ಗ್ರಾಫಿಕ್ಸ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ, ಹದಿನಾಲ್ಕು ತಿಂಗಳ ಹಿಂದೆ ಊರಿಗೆ ಮರಳಿದ್ದರು.

ಅದೇ ದಿನ ಮಧ್ಯಾಹ್ನ ಸಂಸ್ಥೆಯ ಸಿಬ್ಬಂದಿ ಗುಂಪಿಗೆ ಸಂತಾಪ ಸಂದೇಶ ಬಂತು. ‘ಅವರ ಕೈಯಿಂದ ಬಂದ ನಕ್ಷೆಗಳು ನಮ್ಮ ಹೆಮ್ಮೆ’ ಎಂದು ಅದರಲ್ಲಿತ್ತು. ಜೊತೆಗೆ ಅವರ ಕೆಲಸದ ಮಾದರಿ ಎಂದು ಒಂದು ಚಿತ್ರ ಹಾಕಿದ್ದರು: ಇಟಲಿಯ ಜನಸಂಖ್ಯೆಯ ಪಿರಮಿಡ್. ಆ ಚಿತ್ರ ತಪ್ಪು. ಅದನ್ನು ಹಾಗೆ ಮಾಡಿದವರು ಅವರಲ್ಲ. ಅದಕ್ಕೊಂದು ತಿದ್ದುಪಡಿ ಹಾಕಿಸಲು ಅವರು ಬದುಕಿನ ಕೊನೆಯ ಹದಿನಾಲ್ಕು ತಿಂಗಳು ಸಂಸ್ಥೆಗೆ ಬರೆಯುತ್ತಲೇ ಇದ್ದರು. ಬರೆದದ್ದನ್ನು ಓದಿದವರೇ ಈ ಸಂತಾಪವನ್ನೂ ಬರೆದಿದ್ದರು. ಸಂದೇಶದ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿಹ್ನೆಗಳು ಬಿದ್ದವು. ನಾನು ಒತ್ತಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಈಗಾಗಲೇ ಒಂದು ತಪ್ಪಿನ ಕೆಳಗೆ ಅಚ್ಚಾಗಿದೆ. ಅಲ್ಲಿಂದ ತೆಗೆಸದೆ ಇನ್ನೊಂದು ಕಡೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಹದಿನೆಂಟು ವರ್ಷಗಳ ಹಿಂದೆ, ಇದೇ ಸಂಸ್ಥೆಯ ಇಂಗ್ಲಿಷ್ ಪತ್ರಿಕೆಗೆ ಉಪಸಂಪಾದಕನಾಗಿ ಸೇರಿದ ಮೊದಲ ವಾರವೇ ನನಗೂ ಅವರಿಗೂ ಜಗಳವಾಯಿತು. ಬುರೈದಾದ ಖರ್ಜೂರದ ಮಾರುಕಟ್ಟೆ ಬೆಳೆಯುತ್ತಿದೆ ಎಂಬ ವರದಿಗೆ ಒಂದು ಗ್ರಾಫ್ ಬೇಕಿತ್ತು. ಅವರು ಕೊಟ್ಟದ್ದರಲ್ಲಿ ಐದು ವರ್ಷದ ಐದು ಕಂಬಗಳೂ ಹೆಚ್ಚುಕಡಿಮೆ ಒಂದೇ ಎತ್ತರವಿದ್ದವು. ಕೆಳಗಿನ ಭಾಗ ಕತ್ತರಿಸಿ ಮೇಲಿನ ತುದಿಗಳನ್ನಷ್ಟೇ ದೊಡ್ಡದು ಮಾಡಿದರೆ ಏರಿಕೆ ಎದ್ದು ಕಾಣುತ್ತದೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಊರು ಎಲ್ಲಿ?”

“ಬ್ರಹ್ಮಾವರದ ಹತ್ತಿರ. ಶೆಟ್ಟಿ ಅಂತ.”

“ಬ್ರಹ್ಮಾವರದಲ್ಲಿ ಮನೆ ತೋರಿಸುವಾಗ ಅಡಿಪಾಯ, ಗೋಡೆ ಎಲ್ಲ ತೆಗೆದು ಬರೀ ಹಂಚು ಮಾತ್ರ ತೋರಿಸ್ತಾರಾ ಶೆಟ್ರೆ?”

“ಹಾಗಲ್ಲ, ಓದುಗರಿಗೆ ಗೊತ್ತಾಗ್ಬೇಕಲ್ಲ, ಹೆಚ್ಚಾಗಿದೆ ಅಂತ.”

“ಹೆಚ್ಚಾದದ್ದು ಇಷ್ಟೇ. ಇಷ್ಟೇ ಅಂತ ಬರೀರಿ. ಅದಕ್ಕೆ ಎಂತ ನಾಚಿಕೆ? ನಾಳೆ ಬುರೈದಾದ ವ್ಯಾಪಾರಿ ಪೇಪರ್ ಹಿಡ್ಕೊಂಡು ಬಂದು, ಎಲ್ಲಿ ಉಂಟು ನನ್ನ ಡಬಲ್ ವ್ಯಾಪಾರ, ತೋರಿಸು ಅಂತ ಕೇಳಿದ್ರೆ ನೀವು ಹೋಗ್ತೀರಾ ಉತ್ತರ ಕೊಡ್ಲಿಕ್ಕೆ?”

ಗ್ರಾಫ್ ಅವರು ಬಿಡಿಸಿದ ಹಾಗೆಯೇ ಅಚ್ಚಾಯಿತು. ನಾನು ತಲೆಬರಹ ಬದಲಿಸಿದೆ.

ಪುತ್ತೂರಿನಲ್ಲಿ ಒಬ್ಬ ಇಂಜಿನಿಯರರ ಕಚೇರಿಯಲ್ಲಿ ಮನೆಗಳ ನೀಲನಕ್ಷೆ ಬಿಡಿಸುತ್ತಿದ್ದವರು ಅವರು. ಅಲ್ಲಿಂದ ತಂದ ಒಂದಡಿಯ ಸ್ಟೀಲ್ ಸ್ಕೇಲ್ ಕೊನೆಯವರೆಗೂ ಅವರ ಮೇಜಿನ ಮೇಲಿತ್ತು. ಎಲ್ಲ ಕೆಲಸವೂ ಕಂಪ್ಯೂಟರಿಗೆ ಹೋದ ಮೇಲೂ ಪುಟದ ಪ್ರತಿ ಬಂದ ಕೂಡಲೇ ಸ್ಕೇಲ್ ಇಟ್ಟು ಕಂಬ ಅಳೆಯುತ್ತಿದ್ದರು. ಮಧ್ಯಾಹ್ನ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕುಬ್ಬೂಸ್ ರೊಟ್ಟಿ ಮತ್ತು ಬೆಳಿಗ್ಗೆ ತಾವೇ ಮಾಡಿದ ಮೀನಿನ ಸಾರು ಉಣ್ಣುವರು. ಗ್ರಾಫ್ ಇರುವ ಪುಟವನ್ನು ಎಂದೂ ಹಾಸುತ್ತಿರಲಿಲ್ಲ.

ಸುಲಭದ ಮನುಷ್ಯರಲ್ಲ. ಹೊಸಬರಿಗೆ ಕೆಲಸ ಕಲಿಸುವ ತಾಳ್ಮೆ ಇರಲಿಲ್ಲ. ಹೊಸ ಹುಡುಗಿಯೊಬ್ಬಳು ದಪ್ಪ ಅಂಚಿನ, ಓರೆಯಾಗಿ ಮಲಗಿದ ವೃತ್ತದ ಗ್ರಾಫ್ ಮಾಡಿ ತಂದಾಗ ಇಡೀ ಕಚೇರಿಗೆ ಕೇಳುವ ಹಾಗೆ, “ಇದೆಂತ, ಗ್ರಾಫಾ, ಬರ್ತ್‌ಡೇ ಕೇಕಾ?” ಎಂದು ಕೇಳಿದರು. ಆ ಹುಡುಗಿ ಎರಡು ದಿನ ರಜೆ ಹಾಕಿದಳು. ಒಮ್ಮೆ ನಾನು ಅವರಿಗೆ ಹೇಳದೆ ಒಂದು ಬಣ್ಣ ಬದಲಿಸಿದ್ದಕ್ಕೆ ಎರಡು ತಿಂಗಳು ಮಾತು ಬಿಟ್ಟಿದ್ದರು. ರಿಯಾದಿನ ಮಲಾಜ್ ಬಡಾವಣೆಯ ಒಂದೇ ಕಟ್ಟಡದಲ್ಲಿ ಅವರು ಮೂರನೆಯ ಮಹಡಿ, ನಾನು ಒಂದನೆಯದು. ಆ ಎರಡು ತಿಂಗಳೂ ಅವರ ಕಾರಿನಲ್ಲೇ ಕಚೇರಿಗೆ ಹೋದೆ. ಹಾರ್ನ್ ಮಾಡಿ ಕರೆಯುವರು, ಬಾಗಿಲು ತೆರೆಯುವರು, ಮಾತು ಮಾತ್ರ ಇಲ್ಲ.

ಇಟಲಿ ಕಚೇರಿಯಲ್ಲಿ ಅವರ ಮೇಜಿನ ಪಕ್ಕದ ಗೋಡೆಯ ಮೇಲೆ ಬಂದದ್ದು ಆಕಸ್ಮಿಕ. ವಾರಾಂತ್ಯದ ಪುರವಣಿಗೆ ಯುರೋಪಿನ ಯಾವುದಾದರೂ ಒಂದು ದೇಶದ ಜನಸಂಖ್ಯೆಯ ಚಿತ್ರ ಬೇಕು ಎಂದು ಕೇಳಿದ್ದರು. ಇಟಲಿಯ ಅಂಕಿಗಳು ಒಂದೊಂದು ವಯಸ್ಸಿಗೂ ಬೇರೆ ಬೇರೆಯಾಗಿ, ಸ್ವಚ್ಛವಾಗಿ ಸಿಗುತ್ತವೆ ಎಂದು ಅದನ್ನು ಆರಿಸಿದರು. ಆಮೇಲೆ ಪುರವಣಿಗೆ ಬೇಕಿರಲಿ, ಬೇಡದಿರಲಿ, ಪ್ರತಿ ವರ್ಷ ಹೊಸ ಅಂಕಿ ಬಂದಾಗ ಒಂದು ಪಿರಮಿಡ್ ಮಾಡಿ ಹಳೆಯದರ ಪಕ್ಕ ಅಂಟಿಸುತ್ತಿದ್ದರು.

ಇಂಥ ಪಿರಮಿಡ್ಡನ್ನು ಓದುವುದು ಕಷ್ಟವಲ್ಲ. ನಡುವೆ ಒಂದು ನೇರ ಗೆರೆ. ಎಡಗಡೆ ಗಂಡಸರು, ಬಲಗಡೆ ಹೆಂಗಸರು. ಒಂದೊಂದು ವಯಸ್ಸಿಗೆ ಒಂದೊಂದು ಅಡ್ಡ ಪಟ್ಟಿ. ಜನ ಹೆಚ್ಚಿದ್ದಷ್ಟು ಪಟ್ಟಿ ಉದ್ದ. ಕೆಳಗೆ ಶಿಶುಗಳು, ಮೇಲೆ ನೂರರ ಹತ್ತಿರದವರು. ಮಕ್ಕಳು ಹೆಚ್ಚಿರುವ ದೇಶದ ಚಿತ್ರ ಗೋಪುರದ ಹಾಗಿರುತ್ತದೆ. ಇಟಲಿಯದ್ದು ಹಾಗಿಲ್ಲ. ಬುಡ ಸಣ್ಣದು, ಹೊಟ್ಟೆ ದೊಡ್ಡದು. ವರ್ಷ ಕಳೆದಂತೆ ಹೊಟ್ಟೆಯ ಉಬ್ಬು ಮೇಲೆ ಹೋಗುತ್ತದೆ. ಸಾಲಾಗಿ ಅಂಟಿಸಿದ ಹಾಳೆಗಳ ಮುಂದೆ ಎಡದಿಂದ ಬಲಕ್ಕೆ ನಡೆದರೆ ಒಂದು ದೇಶಕ್ಕೆ ವಯಸ್ಸಾಗುವುದು ಕಾಣುತ್ತಿತ್ತು.

“ಇದು ನಮ್ಮ ಬ್ಯಾಚು ಶೆಟ್ರೆ,” ಎಂದು ಆ ಉಬ್ಬಿನ ಮೇಲೆ ಸ್ಕೇಲಿನ ತುದಿ ಇಡುವರು. ಇಟಲಿಯಲ್ಲಿ ಅತಿ ಹೆಚ್ಚು ಮಕ್ಕಳು ಹುಟ್ಟಿದ್ದು ಅರವತ್ತರ ದಶಕದ ನಡುವೆ. ಅವರು ಹುಟ್ಟಿದ್ದೂ ಆಗಲೇ. “ನಾನು ಇಲ್ಲಿಗೆ ಬರುವಾಗ ಇವರು ಸೊಂಟದ ಹತ್ರ ಇದ್ರು. ಈಗ ನೋಡಿ, ಹೆಗಲಿಗೆ ಬಂದಿದ್ದಾರೆ. ಕೆಳಗೆ ಹೊರುವವರು ಯಾರೂ ಇಲ್ಲ. ಆರು ಕೋಟಿ ಹತ್ತಿರ ಜನ ಇದ್ದು ವರ್ಷಕ್ಕೆ ನಾಲ್ಕು ಲಕ್ಷ ಮಕ್ಕಳೂ ಹುಟ್ಟುದಿಲ್ಲ.”

ಮೇಲಿನ ಬಲಗಡೆಯ ಮೂಲೆಯನ್ನು ಅವರು ಬೇರೆ ರೀತಿ ನೋಡುತ್ತಿದ್ದರು. ಎಂಬತ್ತು ದಾಟಿದ ಮೇಲೆ ಎಡಗಡೆಯ ಪಟ್ಟಿಗಳು ಬೇಗ ಬೇಗ ಮುಗಿಯುತ್ತವೆ, ಬಲಗಡೆಯವು ಮುಗಿಯುವುದಿಲ್ಲ. ಗಂಡಂದಿರು ಹೋಗಿರುತ್ತಾರೆ, ಹೆಂಡತಿಯರು ಇರುತ್ತಾರೆ. ಅವರನ್ನು ‘ಬಲಗಡೆಯ ಅಜ್ಜಿಯರು’ ಎಂದು ಕರೆಯುತ್ತಿದ್ದರು. “ನನ್ನ ಉಮ್ಮನೂ ಬಲಗಡೆಯೇ. ಉಪ್ಪ ತೀರಿದ ಮೇಲೆ ಐವತ್ತು ವರ್ಷ ಬದುಕಿದ್ರು. ಜನಗಣತಿಯವ ಪ್ರತಿ ಸಲ ಬಂದು ಮನೆಯ ಯಜಮಾನ ಯಾರು ಅಂತ ಕೇಳುದು. ಪ್ರತಿ ಸಲ ಉಮ್ಮ, ಬರ್ಕೊ, ನಾನೇ ಅಂತ ಹೇಳುದು. ಅವ ಒಮ್ಮೆ ಕೂಡ ಹಾಗೆ ಬರ್ಕೊಳ್ಳಲಿಲ್ಲ ಮಾರಾಯ್ರೆ. ಮೊದಲ ಸಲ ಆರು ವರ್ಷದ ನನ್ನ ಹೆಸರು ಬರ್ದು ಹೋಗಿದ್ದ.”

ನಮ್ಮ ಕಟ್ಟಡಕ್ಕೂ ಒಂದು ಪಿರಮಿಡ್ ಮಾಡಿದ್ದರು, ಪುಟದ ಒಂದು ಹಳೆಯ ಪ್ರತಿಯ ಹಿಂಬದಿಯಲ್ಲಿ, ಪೆನ್ಸಿಲಿನಿಂದ. ಕುಟುಂಬದವರಿಗೂ ತಲೆಗಿಷ್ಟು ಎಂದು ಸರಕಾರದ ಶುಲ್ಕ ಬಂದ ಮೇಲೆ ಒಂದೊಂದೇ ಮನೆಯ ಹೆಂಡತಿ ಮಕ್ಕಳು ಊರಿಗೆ ಹೋಗಿದ್ದರು. ಅವರ ಮನೆಯವರೂ ಹೋದರು. ಅವರ ಮಗಳು ಆಗ ಹತ್ತನೆಯ ತರಗತಿ ಮುಗಿಸಿದ್ದಳು. ಚಿತ್ರದಲ್ಲಿ ಬಲಗಡೆ ಅಲ್ಲೊಂದು ಇಲ್ಲೊಂದು ಗೀಟು. ಎಡಗಡೆ ಇಪ್ಪತ್ತೈದರಿಂದ ಐವತ್ತೈದರವರೆಗೆ ಒತ್ತೊತ್ತಾಗಿ ಪಟ್ಟಿಗಳು. ಮೇಲೂ ಕೆಳಗೂ ಬಹುತೇಕ ಖಾಲಿ.

“ಇದು ಜನಸಂಖ್ಯೆ ಅಲ್ಲ ಶೆಟ್ರೆ, ಡ್ಯೂಟಿ ಚಾರ್ಟ್,” ಎಂದರು. ಆಮೇಲೆ ಐವತ್ತೊಂಬತ್ತರ ಎದುರು ಇದ್ದ ಒಂದೇ ಒಂದು ಗೀಟು ತೋರಿಸಿದರು. “ಇಟಲಿಯಲ್ಲಿ ನನ್ನ ಪಟ್ಟಿಯಷ್ಟು ಉದ್ದದ್ದು ಬೇರೆ ಇಲ್ಲ. ಇಲ್ಲಿ ನೋಡಿ, ನಾನೊಬ್ಬನೇ. ಆಡಳಿತದವರು ಒಂದು ಸಹಿ ಹಾಕಿದ್ರೆ ಇದು ಕೂಡ ಇಲ್ಲ.”

ಅದನ್ನು ಹೇಳುವಾಗ ನಗುತ್ತಿದ್ದರು. ನಾನೂ ನಕ್ಕೆ.

ಇನ್ನು ನಡೆದದ್ದು. ನಮ್ಮ ಸಂಸ್ಥೆಗೆ ಅರಬಿ ಪತ್ರಿಕೆಯೂ ಇದೆ, ಅದರ ಕಚೇರಿ ನಮ್ಮ ಮೇಲಿನ ಮಹಡಿಯಲ್ಲಿ. ಅರಬಿಯನ್ನು ಬಲದಿಂದ ಎಡಕ್ಕೆ ಓದುವುದರಿಂದ ನಮ್ಮ ಗ್ರಾಫುಗಳನ್ನು ಅಲ್ಲಿ ಬಳಸುವಾಗ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸುತ್ತಾರೆ. ಹಳೆಯ ವರ್ಷ ಬಲಕ್ಕೆ ಬರಬೇಕು, ಹೊಸ ವರ್ಷ ಎಡಕ್ಕೆ. ಕಂಬಗಳ ಗ್ರಾಫಿಗೆ ಇದು ಸರಿ. ಪಿರಮಿಡ್ಡನ್ನು ತಿರುಗಿಸಿದರೆ ಹೆಂಗಸರ ಪಟ್ಟಿಗಳು ಎಡಕ್ಕೆ ಬರುತ್ತವೆ. ‘ಗಂಡಸರು’, ‘ಹೆಂಗಸರು’ ಎಂಬ ಪದಗಳನ್ನು ಮೊದಲಿದ್ದ ಜಾಗದಲ್ಲೇ ಅರಬಿಯಲ್ಲಿ ಬರೆದರೆ ಗಂಡಸರು ಹೆಂಗಸರಾಗುತ್ತಾರೆ, ಹೆಂಗಸರು ಗಂಡಸರು. ಇದು ಅವರಿಗೆ ಗೊತ್ತಿತ್ತು. ಅದಕ್ಕೇ ಮೇಲಿನ ಮಹಡಿಗೆ ಹೋಗುವ ಪಿರಮಿಡ್ಡುಗಳನ್ನು ತಾವೇ ಮಾಡಿ ಕೊಡುತ್ತಿದ್ದರು, ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ.

ಅವರು ಊರಿಗೆ ಮರಳಿದ ವರ್ಷದ ಅಕ್ಟೋಬರಿನ ಒಂದು ಬುಧವಾರ ಮಧ್ಯಾಹ್ನ ಅವರು ಕಣ್ಣಿನ ಪರೀಕ್ಷೆಗೆ ಹೋಗಿದ್ದರು. ಪಾಳಿಯ ಮುಖ್ಯಸ್ಥ ನಾನು. ಅರಬಿ ಪತ್ರಿಕೆಯ ಪುಟವಿನ್ಯಾಸಕ, ಕೆಲಸಕ್ಕೆ ಹೊಸದಾಗಿ ಬಂದಿದ್ದ ಈಜಿಪ್ಟಿನವನು, ಫೋನ್ ಮಾಡಿದ. ಇಟಲಿಯ ಗ್ರಾಫ್ ಬೇಕು, ಎಂದಿನಂತೆ ತಿರುಗಿಸಿ ಹಾಕಲೇ ಎಂದು ಕೇಳಿದ. ನಾನು ಬೇರೊಂದು ಪುಟ ಓದುತ್ತಿದ್ದೆ. “ಯಲ್ಲಾ, ಆಗಲಿ, ಹಾಕು,” ಎಂದೆ. ಫೈಲ್ ಕಳಿಸಿ, ಫೋನ್ ಇಟ್ಟೆ. ಅರ್ಧ ನಿಮಿಷದ ಮಾತು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಪುರವಣಿ ಹಿಡಿದು ನನ್ನ ಮನೆಯ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ಇಟಲಿಯ ಅಜ್ಜಿಯರನ್ನೆಲ್ಲ ಮುಗಿಸಿದ್ದೀರಿ.”

“ಎಂತಾಯ್ತು ಕಾಕ?”

“ಮೇಲೆ ನೋಡಿ. ಅಜ್ಜಂದಿರು ಎಲ್ಲ ಗಟ್ಟಿಯಾಗಿ ಕೂತಿದ್ದಾರೆ. ಅಜ್ಜಿಯರು ಇಲ್ಲ. ಎಲ್ಲಿ ಉಂಟು ಹೀಗೆ? ಇಡೀ ಯುರೋಪಿನಲ್ಲಿ ಎಲ್ಲಿ ಉಂಟು?” ಬೆರಳು ಪುಟದ ಕೆಳಗೆ ಇಳಿಯಿತು. “ಇಲ್ಲಿ ನನ್ನ ಹೆಸರು ಉಂಟು. ಫೈಲ್ ಕೊಟ್ಟದ್ದು ಯಾರು?”

“ನಾನು. ತಿರುಗಿಸ್ಲಿಕ್ಕೂ ನಾನೇ ಹೇಳಿದ್ದು.”

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. “ಆಯ್ತು. ತಪ್ಪು ಯಾರಿಂದಲೂ ಆಗ್ತದೆ. ಆದಿತ್ಯವಾರ ತಿದ್ದುಪಡಿ ಹಾಕಿಸಿ. ನಾಲ್ಕು ಸಾಲು ಸಾಕು,” ಎಂದು ಮೆಟ್ಟಿಲು ಹತ್ತಿದರು.

ನಾಲ್ಕು ಸಾಲು ಬರೆದು ಭಾನುವಾರ ಆಡಳಿತ ಮುಖ್ಯಸ್ಥರಿಗೆ ಕಳಿಸಿದೆ. ಅದು ತಿರುಗಿ ಬಂತು. ‘ಇದು ದಿಕ್ಕಿನ ವಿಷಯ, ಮಾಹಿತಿಯ ತಪ್ಪಲ್ಲ’ ಎಂದು ಅಂಚಿನಲ್ಲಿ ಬರೆದಿದ್ದರು. ಇಪ್ಪತ್ತು ವರ್ಷ ಪತ್ರಿಕೆಗಳಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಇಷ್ಟು ನಾಚಿಕೆಗೆಟ್ಟ ವಾಕ್ಯವನ್ನು ನಾನು ಬೇರೆ ಯಾವ ಪುಟದ ಅಂಚಿನಲ್ಲೂ ಓದಿಲ್ಲ. ಬದುಕಿರುವವರು ಯಾರು, ಸತ್ತವರು ಯಾರು ಎಂಬುದು ಅವರಿಗೆ ದಿಕ್ಕಿನ ವಿಷಯ.

ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಅದೇ ವಾರ ಓದುಗರೊಬ್ಬರ ಪತ್ರ ಬಂತು. ರಿಯಾದಿನಲ್ಲಿ ಕೆಲಸ ಮಾಡುವ ಇಟಲಿಯ ಹೆಂಗಸು, ಅರಬಿ ಬಲ್ಲವರು. ತಮ್ಮ ಊರಿನ ಬೀದಿಯಲ್ಲಿ ಹನ್ನೊಂದು ಮಂದಿ ವಿಧವೆಯರಿದ್ದಾರೆ, ಒಬ್ಬ ವಿಧುರನಿದ್ದಾನೆ, ನಿಮ್ಮ ಪತ್ರಿಕೆ ಯಾವ ಇಟಲಿಯನ್ನು ಕಂಡಿತು ಎಂದು ಕೇಳಿದ್ದರು. ಪತ್ರದ ಪ್ರತಿ ಮಾಲೀಕರ ಕಚೇರಿಗೂ ಹೋಗಿತ್ತು. ಹಾಗಾಗಿ ಮಂಗಳವಾರದ ಹೊತ್ತಿಗೆ ದಿಕ್ಕಿನ ವಿಷಯ ‘ಗಂಭೀರ ವೃತ್ತಿದೋಷ’ವಾಯಿತು, ಅದಕ್ಕೆ ಒಬ್ಬ ಮನುಷ್ಯ ಬೇಕಾಯಿತು. ಮನುಷ್ಯನ ಹೆಸರು ಗ್ರಾಫಿನ ಕೆಳಗೇ ಇತ್ತು.

ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಆಡಳಿತ ಮುಖ್ಯಸ್ಥರು, ಸಿಬ್ಬಂದಿ ವಿಭಾಗದವರೊಬ್ಬರು, ಅವರು, ನಾನು. ತಮ್ಮ ಮೂಲ ಚಿತ್ರವನ್ನೂ ಅಚ್ಚಾದ ಪುಟವನ್ನೂ ಅವರು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಎರಡರ ಅಂಚು ಸಮವಾಗಿಲ್ಲವೆಂದು ಸ್ಕೇಲಿನಿಂದ ತಳ್ಳಿ ಸಮ ಮಾಡಿದರು.

“ಹೆಸರು ನಿಮ್ಮದೇ ತಾನೆ?” ಎಂದು ಮುಖ್ಯಸ್ಥರು ಹಿಂದಿಯಲ್ಲಿ ಕೇಳಿದರು.

“ಹೆಸರು ನನ್ನದು. ಚಿತ್ರ ಇದು,” ಎಂದು ಮೂಲವನ್ನು ತೋರಿಸಿದರು.

“ಹಾಗಾದರೆ ಮೇಲೆ ಕೊಟ್ಟವರು ಯಾರು? ತಿರುಗಿಸಲು ಹೇಳಿದವರು ಯಾರು?”

ಅವರು ಬಾಗಿಲಿನ ಮೇಲಿನ ಗಡಿಯಾರ ನೋಡಿದರು. ನನ್ನ ಕಡೆ ನೋಡಲಿಲ್ಲ. ಈಜಿಪ್ಟಿನವನನ್ನು ಸಭೆಗೆ ಕರೆದಿರಲಿಲ್ಲ. ಹೇಳಬೇಕಾದವನು ನಾನೊಬ್ಬನೇ. ನನ್ನ ಇಕಾಮಾ, ಅಂದರೆ ಇಲ್ಲಿ ಉಳಿಯುವ ಪರವಾನಗಿ, ಆ ತಿಂಗಳು ನವೀಕರಣಕ್ಕೆ ಹೋಗಬೇಕಿತ್ತು. ಮಗಳು ಇಲ್ಲಿನ ಭಾರತೀಯ ಶಾಲೆಯಲ್ಲಿ ಹನ್ನೆರಡನೆಯ ತರಗತಿಯಲ್ಲಿದ್ದಳು. ಇವು ಸಂಗತಿಗಳು. ಸಮರ್ಥನೆ ಎಂದು ಬರೆಯುತ್ತಿಲ್ಲ. ನಾನು ಸುಮ್ಮನೆ ಕುಳಿತೆ.

ಮುಖ್ಯಸ್ಥರು ಒಂದು ಕಾಗದ ಮುಂದಿಟ್ಟರು. ಗ್ರಾಫಿಕ್ಸ್ ವಿಭಾಗದಿಂದ ಅಜಾಗರೂಕತೆಯಿಂದ ತಪ್ಪಾಗಿದೆ ಎಂದು ಅವರು ಸಹಿ ಹಾಕಬೇಕು. ಹಾಕಿದರೆ ಗುತ್ತಿಗೆ ಇನ್ನೆರಡು ವರ್ಷ ಮುಂದುವರಿಯುತ್ತದೆ.

“ತಿದ್ದುಪಡಿ ಯಾವತ್ತು ಹಾಕ್ತೀರಿ?” ಎಂದು ಅವರು ಕೇಳಿದರು.

“ಆ ಅಧ್ಯಾಯ ಮುಗಿದಿದೆ. ನಿಮ್ಮ ಸಹಿಯೇ ತಿದ್ದುಪಡಿ.”

“ನಾನು ಸಹಿ ಹಾಕಿದ್ರೆ ಓದಿದವನಿಗೆ ಹೇಗೆ ಗೊತ್ತಾಗ್ತದೆ ಸಾಬ್? ಅವನ ಮನೆಯಲ್ಲಿ ಪೇಪರ್ ಹಾಗೇ ಉಂಟಲ್ಲ.”

ಅವರು ಪೆನ್ನನ್ನು ಕಾಗದದ ಮೇಲಿಟ್ಟು ಎರಡನ್ನೂ ವಾಪಸ್ ಸರಿಸಿದರು. ಮೂಲ ಚಿತ್ರವನ್ನು ಮಡಚದೆ ಸುರುಳಿ ಸುತ್ತಿಕೊಂಡು ಎದ್ದರು.

ಗುತ್ತಿಗೆ ಮುಂದುವರಿಸುವುದಿಲ್ಲ ಎಂಬ ಪತ್ರ ಹತ್ತು ದಿನದಲ್ಲಿ ಬಂತು. ಕಾರಣ: ವಯೋಮಿತಿ. ಸಂಸ್ಥೆಯ ನಿಯಮಗಳ ಪುಸ್ತಕವನ್ನು ನಾನು ಪೂರ್ತಿ ಓದಿದ್ದೇನೆ. ವಯೋಮಿತಿ ಎಂಬ ಪದ ಅದರಲ್ಲಿ ಎಲ್ಲಿಯೂ ಇಲ್ಲ. ಪತ್ರಕ್ಕೆ ಸಹಿ ಹಾಕಿದ ಆಡಳಿತ ಮುಖ್ಯಸ್ಥರು ಅವರಿಗಿಂತ ನಾಲ್ಕು ವರ್ಷ ದೊಡ್ಡವರು. ಈಗಲೂ ಕೆಲಸದಲ್ಲಿದ್ದಾರೆ.

ಡಿಸೆಂಬರಿನ ಒಂದು ಬೆಳಿಗ್ಗೆ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟವನು ನಾನು. ಅವರ ಕಾರು ಮಾರಿಯಾಗಿತ್ತು, ಅಂದು ನಾನು ಹಾರ್ನ್ ಮಾಡಿ ಕರೆದೆ. ಎರಡು ಸೂಟ್‌ಕೇಸ್, ಒಂದು ಉದ್ದದ ಸುರುಳಿ.

“ಆ ಮೀಟಿಂಗ್ ರೂಮಿನಲ್ಲಿ ಗಡಿಯಾರ ಉಂಟಲ್ಲ ಶೆಟ್ರೆ, ಬಾಗಿಲಿನ ಮೇಲೆ,” ಎಂದರು ಅರ್ಧ ದಾರಿಯಲ್ಲಿ. “ನೀವು ಹೇಳ್ತೀರಿ ಅಂತ ನಲ್ವತ್ತು ಸೆಕೆಂಡ್ ಕಾದೆ. ನೋಡ್ತಾ ಇದ್ದೆ.”

ನಾನು ರಸ್ತೆಯನ್ನೇ ನೋಡುತ್ತಿದ್ದೆ.

“ನನ್ನ ಕೆಲಸ ಉಳಿಸ್ಲಿಕ್ಕೆ ಅಲ್ಲ. ಅದು ಇವತ್ತಲ್ಲದಿದ್ರೆ ನಾಳೆ ಹೋಗುದೇ. ನೀವು ಹೇಳಿದ್ರೆ ತಿದ್ದುಪಡಿ ಹಾಕಲೇಬೇಕಿತ್ತು ಅವರಿಗೆ. ಹೇಗೆ ಆಯ್ತು ಅಂತ ಕಾಗದದಲ್ಲಿ ಬರ್ತಿತ್ತು.” ಸುರುಳಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, “ಮಗಳ ಪರೀಕ್ಷೆ ಯಾವಾಗ?”

“ಮಾರ್ಚಲ್ಲಿ.”

“ಹಾಂ. ಹಾಗಾದ್ರೆ ಮಾರ್ಚ್ ಆಗ್ಲಿ.”

ಇಳಿಯುವಾಗ ಕೈ ಕುಲುಕಿದರು. “ಮಗಳಿಗೆ ಚೆನ್ನಾಗಿ ಬರೀಲಿಕ್ಕೆ ಹೇಳಿ,” ಎಂದರು.

ಮಾರ್ಚ್ ಆಯಿತು. ಮಗಳು ಪರೀಕ್ಷೆ ಬರೆದಳು, ಜುಲೈಯಲ್ಲಿ ಮಣಿಪಾಲದ ಕಾಲೇಜು ಸೇರಿದಳು. ನಾನು ಏನೂ ಹೇಳಲಿಲ್ಲ. ಅವರ ಗೋಡೆಯಲ್ಲಿ ಉಳಿದಿದ್ದ ಹಾಳೆಗಳನ್ನು ಕಿತ್ತು, ಬಣ್ಣ ಬಳಿದು, ಒಂದು ದೊಡ್ಡ ಟಿವಿ ಹಾಕಿದರು. ನಮ್ಮ ಜಾಲತಾಣದ ಯಾವ ಪುಟವನ್ನು ಎಷ್ಟು ಮಂದಿ ನೋಡುತ್ತಿದ್ದಾರೆ ಎಂದು ಅದು ತೋರಿಸುತ್ತದೆ. ಕಂಬಗಳಲ್ಲಿ. ಆ ಕಂಬಗಳು ಸೊನ್ನೆಯಿಂದ ಶುರುವಾಗುವುದಿಲ್ಲ.

ಊರಿಗೆ ಹೋದ ಮುಂದಿನ ತಿಂಗಳಿನಿಂದ ಅವರ ಪತ್ರ ಬರತೊಡಗಿತು. ಪ್ರತಿ ತಿಂಗಳ ಮೊದಲ ಭಾನುವಾರ, ಇಮೇಲಿನಲ್ಲಿ, ಅರಬಿ ಪತ್ರಿಕೆಯ ಸಂಪಾದಕರಿಗೆ ಮತ್ತು ಆಡಳಿತಕ್ಕೆ. ಒಂದು ಪ್ರತಿ ನನಗೆ. ಎಲ್ಲ ಪತ್ರಗಳಲ್ಲೂ ಅದೇ ನಾಲ್ಕು ಸಾಲು, ಮೇಲಿನ ಸಂಖ್ಯೆ ಮಾತ್ರ ಬೇರೆ. ‘ನಮ್ಮ ಪುರವಣಿಯಲ್ಲಿ ಪ್ರಕಟವಾದ ಇಟಲಿಯ ಜನಸಂಖ್ಯಾ ಪಿರಮಿಡ್‌ನಲ್ಲಿ ಗಂಡಸರ ಮತ್ತು ಹೆಂಗಸರ ಪಟ್ಟಿಗಳು ಅದಲುಬದಲಾಗಿವೆ. ಇಟಲಿಯಲ್ಲಿ ಇಳಿವಯಸ್ಸಿನವರಲ್ಲಿ ಹೆಂಗಸರೇ ಹೆಚ್ಚು. ಸರಿಯಾದ ಚಿತ್ರವನ್ನು ಲಗತ್ತಿಸಿದೆ. ತಪ್ಪಿಗೆ ವಿಷಾದಿಸುತ್ತೇವೆ.’ ಕೆಲಸ ಬಿಡಿಸಿದ ಮೇಲೂ ‘ನಮ್ಮ’, ‘ವಿಷಾದಿಸುತ್ತೇವೆ’ ಎಂದೇ ಬರೆಯುತ್ತಿದ್ದರು.

ಒಂದಕ್ಕೂ ಉತ್ತರ ಹೋಗಲಿಲ್ಲ. ಮೇಲಿನ ಮಹಡಿಯಲ್ಲಿ ಅದೊಂದು ತಮಾಷೆಯಾಗಿತ್ತು. “ಇವತ್ತು ಮೊದಲ ಭಾನುವಾರ, ಇಟಲಿ ಬಂತಾ?” ಎಂದು ಲಿಫ್ಟಿನಲ್ಲಿ ಕೇಳಿಕೊಳ್ಳುತ್ತಿದ್ದರು. ನಾನು ಆ ಲಿಫ್ಟಿನಲ್ಲಿ ಇರುತ್ತಿದ್ದೆ. ಹದಿನಾಲ್ಕನೆಯ ಪತ್ರ ಫೆಬ್ರವರಿ ಒಂದರಂದು ಬಂತು. ಎರಡು ದಿನದ ಮೇಲೆ ಅವರು ಇರಲಿಲ್ಲ.

ಸಂತಾಪ ಸಂದೇಶಕ್ಕೆ ಆ ಚಿತ್ರವನ್ನೇ ಯಾಕೆ ಹಾಕಿದಿರಿ ಎಂದು ಸಿಬ್ಬಂದಿ ವಿಭಾಗದಲ್ಲಿ ವಿಚಾರಿಸಿದೆ. ಅವರ ಹೆಸರು ಹಾಕಿ ಹುಡುಕಿದಾಗ ಮೊದಲು ಬಂದದ್ದು ಅದು ಎಂದರು. ಇಪ್ಪತ್ತಾರು ವರ್ಷದಲ್ಲಿ ಅವರು ಬಿಡಿಸಿದ ಸಾವಿರಾರು ಚಿತ್ರಗಳ ಪೈಕಿ, ಅವರು ಬಿಡಿಸದ ಒಂದು.

ಅವರ ಮಗಳು ಸಾವಿನ ಮೂರನೆಯ ದಿನ ಫೋನ್ ಮಾಡಿದಳು. ಆಸ್ಪತ್ರೆ, ದಫನ, ಬಂದವರು ಹೋದವರು ಎಲ್ಲ ಹೇಳಿದಳು. ಕೊನೆಗೆ, “ಅಂಕಲ್, ಉಪ್ಪನ ಆ ಇಟಲಿದು ಸರಿ ಮಾಡಿದ್ರಾ ಅವರು?” ಎಂದು ಕೇಳಿದಳು.

“ಇಲ್ಲಮ್ಮ.”

“ಉಪ್ಪ ಹೇಳ್ತಿದ್ರು, ಶೆಟ್ರು ಅಲ್ಲೇ ಇದ್ದಾರೆ, ಮಾಡಿಸ್ತಾರೆ ಅಂತ.”

ನನ್ನ ಸಿಟ್ಟಿನಲ್ಲಿ ಎಷ್ಟು ಪಾಲು ಸಂಸ್ಥೆಗೆ, ಎಷ್ಟು ಪಾಲು ನನಗೆ ಎಂದು ಆಮೇಲಿನ ದಿನಗಳಲ್ಲಿ ಯೋಚಿಸಿದ್ದೇನೆ. ಸಂಸ್ಥೆಯ ಪಾಲು ದೊಡ್ಡದು ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಬುಡ ಕತ್ತರಿಸಿ ಅಳೆದದ್ದು ಅದು.

ಮಾರ್ಚ್ ಒಂದು, ಭಾನುವಾರ, ಬೆಳಿಗ್ಗೆ ಹತ್ತೂಹತ್ತಕ್ಕೆ ಹದಿನೈದನೆಯ ಪತ್ರವನ್ನು ನನ್ನ ಹೆಸರು ಮತ್ತು ಸಿಬ್ಬಂದಿ ಸಂಖ್ಯೆ ಹಾಕಿ ಕಳಿಸಿದೆ. ಅವರ ನಾಲ್ಕು ಸಾಲುಗಳನ್ನು ಹಾಗೆಯೇ ಉಳಿಸಿಕೊಂಡೆ. ಐದನೆಯದೊಂದನ್ನು ಸೇರಿಸಿದೆ: ‘ಚಿತ್ರವನ್ನು ತಿರುಗಿಸಿ ಹಾಕಲು ಅನುಮತಿ ಕೊಟ್ಟವನು ನಾನು, ಕೆಳಗೆ ಹೆಸರಿರುವವರು ಅಂದು ಕಚೇರಿಯಲ್ಲಿ ಇರಲಿಲ್ಲ.’ ಪ್ರತಿಯನ್ನು ಮಾಲೀಕರ ಕಚೇರಿಗೂ, ಅಂದು ಪತ್ರ ಬರೆದಿದ್ದ ಇಟಲಿಯ ಓದುಗರಿಗೂ ಕಳಿಸಿದೆ.

ಓದುಗರಿಂದ ಅಂದೇ ಉತ್ತರ ಬಂತು. ತಮ್ಮ ಬೀದಿಯಲ್ಲಿದ್ದ ಆ ಒಬ್ಬ ವಿಧುರನೂ ಕಳೆದ ಚಳಿಗಾಲದಲ್ಲಿ ತೀರಿಕೊಂಡ ಎಂದು ತಿಳಿಸಿದ್ದಾರೆ.

ಸೋಮವಾರ ಮಧ್ಯಾಹ್ನ ಸಿಬ್ಬಂದಿ ವಿಭಾಗದಿಂದ ಫೋನ್ ಬಂತು. ಬುಧವಾರ ಹನ್ನೊಂದಕ್ಕೆ ಇಕಾಮಾ ಮತ್ತು ಪಾಸ್‌ಪೋರ್ಟ್ ಸಮೇತ ಬರಬೇಕು ಎಂದರು. ಇದನ್ನು ಬರೆಯುತ್ತಿರುವುದು ಮಂಗಳವಾರ ಸಂಜೆ. ಸಂಪಾದಕರಿಂದ ಉತ್ತರ ಬಂದಿಲ್ಲ. ಜಾಲತಾಣದಲ್ಲಿ ಪಿರಮಿಡ್ ಹಾಗೆಯೇ ಇದೆ. ಮೇಲಿನ ಉದ್ದದ ಪಟ್ಟಿಗಳ ಪಕ್ಕದಲ್ಲಿ ‘ಗಂಡಸರು’ ಎಂದಿದೆ. ಕೆಳಗೆ ಅವರ ಹೆಸರಿದೆ.